ಎಮ್ಮೆಗೆ ಬೆಳ್ಳಿ ಬಣ್ಣ

ಹಿತ್ತಿಲ ಮೆಟ್ಟಿಲ ಮೇಲಿಂದ,
ಅಕ್ಟೋಬರ್ ೧೩, ಭಾನುವಾರ

ಪ್ರೀತಿಯ ಅಜ್ಜೀ,

ಸೊಂಟ ಹೇಗಿದೆ? ವಾಕರ್ ಬಿಟ್ಟು ಗೋಡೆ ಹಿಡಿದುಕೊಂಡು ನಡೆಯಲು ಶುರು ಮಾಡಿದ್ದೀಯೆಂದು ದೊಡ್ಡಮ್ಮ ಫೋನಿನಲ್ಲಿ ಹೇಳಿದರು. ಹೇಳುವಾಗ ಅವರ ದನಿಯಲ್ಲಿ ಹೆಮ್ಮೆ ಎಷ್ಟಿತ್ತೋ ಗಾಬರಿಯೂ ಅಷ್ಟೇ ಇತ್ತು. ಆಪರೇಷನ್ ಆದ ಕಡೆ ಚಳಿಗೆ ಸೆಳೆಯುತ್ತದೆಯಾ? ಮಾತ್ರೆಗಳನ್ನು ನುಂಗುತ್ತಿದ್ದೀಯೋ, ಇಲ್ಲ ಇಲ್ಲಿ ಮಾಡುತ್ತಿದ್ದ ಹಾಗೆ ಹೂವಿನ ಕುಂಡದ ಮಣ್ಣಿನಲ್ಲಿ ಹೂಳುತ್ತಿದ್ದೀಯೋ? ತಮ್ಮದು ಮೂರನೆಯ ಮಹಡಿಯ ಮನೆ, ಗಾಳಿ ಬೆಳಕು ಧಾರಾಳ ಎಂದು ದೊಡ್ಡಪ್ಪ ಫೋನು ಮಾಡಿದಾಗಲೆಲ್ಲ ಹೇಳುತ್ತಾರೆ. ಇರಲಿ, ಗಾಳಿ ಬೆಳಕು ಒಳ್ಳೆಯದೇ. ನಿನ್ನ ಕನ್ನಡಕದ ಒಂದು ಕಾಲು ಮುರಿದಿದೆಯಂತೆ, ಅದಕ್ಕೇ ದೊಡ್ಡ ಅಕ್ಷರದಲ್ಲಿ ಸಾಲು ಬಿಟ್ಟು ಬರೆಯುತ್ತಿದ್ದೇನೆ. ನಿಧಾನವಾಗಿ ಓದು, ಆದರೆ ನೀನೇ ಓದು. ಬೇರೆಯವರ ಕೈಗೆ ಕೊಟ್ಟು ಓದಿಸಬೇಡ. ಯಾಕೆಂದರೆ ಕುಶಲ ಕೇಳುವುದು ಇಲ್ಲಿಗೆ ಮುಗಿಯಿತು, ಇನ್ನು ಮುಂದೆ ಇರುವುದೆಲ್ಲ ಸಿಟ್ಟು.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀ. ನಾನು ಯಾವ ಹೊತ್ತಿನಲ್ಲಿ ಫೋನು ಮಾಡಿದರೂ ಎತ್ತುವವರು ದೊಡ್ಡಪ್ಪ. ಎತ್ತಿದ ಕೂಡಲೇ ಸ್ಪೀಕರ್ ಹಾಕುತ್ತಾರೆ, ಮನೆಯವರೆಲ್ಲ ಸುತ್ತ ಕೂರುತ್ತಾರೆ. ಅಷ್ಟು ಕಿವಿಗಳ ಮುಂದೆ ‘ಊಟ ಆಯ್ತಾ ಅಜ್ಜಿ’ ಎನ್ನುವುದರ ಆಚೆಗೆ ನನ್ನ ನಾಲಿಗೆ ಹೊರಳುವುದಿಲ್ಲ. ಮೆಲ್ಲಗೆ ಮಾತಾಡುತ್ತೇನೆಂದು ನನಗೆ ಮೆಲ್ಲಿ ಎಂದು ಹೆಸರಿಟ್ಟವಳೇ ನೀನು, ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಕಾಗದ. ವಿಷಯ ಇಷ್ಟು: ಚಿಕ್ಕಪ್ಪ ನಿನ್ನ ಎಮ್ಮೆಗೆ ಬೆಳ್ಳಿ ಬಣ್ಣ ಬಳಿದಿದ್ದಾನೆ. ಹೊರಗಷ್ಟೇ ಅಲ್ಲ, ಒಳಗೂ. ನಿನಗೆ ಕಳಿಸಿದ ಫೋಟೋದಲ್ಲಿ ಹೊರಗಿನದು ಮಾತ್ರ ಕಂಡಿದೆ. ಮಳೆ ನಿಂತ ಮೇಲೆ ನಿನ್ನನ್ನು ಮನೆಗೆ ಕರೆತರುತ್ತೇವೆ ಎಂದು ಎಲ್ಲರೂ ಸೇರಿ ಹೇಳಿದ್ದರಲ್ಲ, ಮಳೆ ನಿಂತಿದೆ. ಆ ಮಾತನ್ನು ಈ ಮನೆಯಲ್ಲಿ ಯಾರೂ ಎತ್ತುತ್ತಿಲ್ಲ. ಈ ಎರಡೂ ಒಂದೇ ವಿಷಯ. ಹೇಗೆ ಎಂಬುದನ್ನು ಮೊದಲಿನಿಂದ ಹೇಳುತ್ತೇನೆ.

ಮೊನ್ನೆ ಪ್ರೆಸ್ಸಿನಲ್ಲಿ ನನ್ನ ಪಕ್ಕದ ಮೇಜಿನಲ್ಲಿ ನನ್ನ ಹಾಗೇ ಕರಡು ತಿದ್ದುವ ಅಕ್ಕ ‘ಯಾಕೆ ಮುಖ ಊದಿಸ್ಕೊಂಡಿದ್ದೀಯ’ ಎಂದು ಕೇಳಿದರು. ‘ನಮ್ಮನೆ ಎಮ್ಮೆಗೆ ಪೇಂಟ್ ಹೊಡೆದುಬಿಟ್ಟಿದ್ದಾರೆ’ ಎಂದೆ. ಅವರು ಕೆಂಪು ಪೆನ್ನು ಕೆಳಗಿಟ್ಟು ‘ಅಯ್ಯೋ, ಮೂಕಪ್ರಾಣಿ ಕಣೇ, ಕಂಪ್ಲೇಂಟ್ ಕೊಡು’ ಎಂದುಬಿಟ್ಟರು. ಆಮೇಲೆ ವಿವರಿಸಬೇಕಾಯಿತು: ಎಮ್ಮೆ ಎಂದರೆ ನಮ್ಮಜ್ಜಿಯ ಸ್ಮೋಕರ್, ಮಾಂಸವನ್ನು ಹೊಗೆಯಲ್ಲಿ ಬೇಯಿಸುವ ಕಬ್ಬಿಣದ ಒಲೆ, ಕಪ್ಪಗೆ, ಹೊಟ್ಟೆ ಡುಬ್ಬಗೆ, ನಾಲ್ಕು ಕಾಲು, ಒಂದು ಕಡೆ ಸೌದೆ ಹಾಕುವ ಮೂತಿ, ಇನ್ನೊಂದು ಕಡೆ ಬಾಲದ ಹಾಗೆ ಎದ್ದ ಚಿಮಣಿ, ಭಾನುವಾರ ಬೆಳಿಗ್ಗೆ ಮೂತಿಗೆ ಸೌದೆ ಕೊಟ್ಟರೆ ಮಧ್ಯಾಹ್ನಕ್ಕೆ ಹೊಟ್ಟೆಯಿಂದ ಇಡೀ ಬೀದಿಗೆ ಆಗುವಷ್ಟು ಕೋಳಿ ಹೊರಗೆ ಬರುತ್ತದೆ, ಬಸ್ ಡಿಪೋದವರು ಹಿತ್ತಿಲ ಗೇಟಿಗೆ ತಟ್ಟೆ ಹಿಡಿದುಕೊಂಡು ಬರುತ್ತಾರೆ ಎಂದು. ಎಲ್ಲ ಕೇಳಿಸಿಕೊಂಡು ಆ ಅಕ್ಕ ‘ಬರೀ ಒಲೆನಾ, ನಾನು ಎಮ್ಮೆ ಅಂದ್ಕೊಂಡೆ’ ಎಂದು ಮತ್ತೆ ಪೆನ್ನು ಕೈಗೆ ತೆಗೆದುಕೊಂಡರು. ಅವರ ಮೇಲೂ ಸಿಟ್ಟು ಬಂತು. ಈ ವಾರ ನನಗೆ ಯಾರ ಮೇಲೆ ಸಿಟ್ಟು ಬಂದಿಲ್ಲ ಎಂದು ಲೆಕ್ಕ ಹಾಕುವುದೇ ಸುಲಭ.

ನೀನು ಬಿದ್ದ ದಿನ ನೆನಪಿದೆಯಲ್ಲ. ಮೊದಲ ಮಳೆ ಬಿದ್ದಿತ್ತು. ಎಮ್ಮೆಯ ಹೊಟ್ಟೆಯ ಬೂದಿಯನ್ನು ಡಬ್ಬಕ್ಕೆ ತೋಡಿಕೊಂಡು ಇದೇ ಮೆಟ್ಟಿಲು ಹತ್ತುವಾಗ ಕಾಲು ಜಾರಿತು. ಆಂಬುಲೆನ್ಸಿನವರು ನಿನ್ನನ್ನು ಎತ್ತಿ ಮಲಗಿಸುತ್ತಿದ್ದಾರೆ, ಅಮ್ಮ ಅಳುತ್ತಿದ್ದಾಳೆ, ಅಪ್ಪ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಾಡುತ್ತಿದ್ದಾನೆ, ನೀನು ಮಾತ್ರ ನೋವಿನಲ್ಲಿ ಹಲ್ಲು ಕಚ್ಚಿಕೊಂಡು ನನ್ನ ಕೈ ಹಿಡಿದು ‘ಅರ್ಧ ಬೂದಿ ಇನ್ನೂ ಒಳಗೇ ಇದೆ ಕಣೇ, ತೆಗೆದುಬಿಡು, ಒದ್ದೆ ಬೂದಿ ಕಬ್ಬಿಣನ ತಿಂದುಹಾಕತ್ತೆ’ ಎಂದೆ. ಆಂಬುಲೆನ್ಸಿನ ಹುಡುಗ ನಕ್ಕುಬಿಟ್ಟ. ಬಾಗಿಲು ಹಾಕುವ ತನಕ ಹೇಳುತ್ತಲೇ ಇದ್ದೆ: ಜಾಲರಿ ಬೆಚ್ಚಗಿರುವಾಗಲೇ ಉಜ್ಜು, ಆರಿದ ಮೇಲೆ ಉಜ್ಜಿದರೆ ಕೈ ನೋಯುತ್ತದೆಯೇ ಹೊರತು ಜಿಡ್ಡು ಹೋಗುವುದಿಲ್ಲ; ಎಣ್ಣೆ ಬಟ್ಟೆ ಆಡಿಸು, ಸುರಿಯಬೇಡ; ಚಿಮಣಿಗೆ ಡಬ್ಬ ಬೋರಲು ಹಾಕು; ಮುಚ್ಚಳ ಒಂದು ಬೆರಳಷ್ಟು ತೆರೆದಿರಲಿ, ಅದಕ್ಕೂ ಉಸಿರು ಬೇಕು. ಕಾಲೇಜಿನಲ್ಲಿ ಐದು ವರ್ಷ ನೋಟ್ಸ್ ಬರೆದುಕೊಂಡವಳು ನಾನು. ಅಷ್ಟು ಚೆನ್ನಾಗಿ ಯಾವ ಪಾಠವೂ ನನ್ನ ತಲೆಯಲ್ಲಿ ಕೂತಿಲ್ಲ.

ಮಾಡಿದೆ ಅಜ್ಜಿ, ಎಲ್ಲವನ್ನೂ ಮಾಡಿದೆ. ಬೂದಿ ತೆಗೆದೆ. ಕಾಲುಗಳ ಕೆಳಗೆ ಇಟ್ಟಿಗೆ ಸರಿಸಿ ಕೆಸರಿನಿಂದ ಮೇಲೆತ್ತಿದೆ. ಹಳೆಯ ಕ್ಯಾನ್ವಾಸು ಹೊದಿಸಿ, ಕೆಳಗೆ ಗಾಳಿಯಾಡಲು ಬಿಟ್ಟೆ. ಆಗಾಗ ಒಂದು ಬಿಸಿಲು ಕಂಡ ದಿನ ಮೂತಿಗೆ ನಾಲ್ಕು ಚಕ್ಕೆ ಹಾಕಿ ಸಣ್ಣಗೆ ಉರಿ ಮಾಡಿ ಮೈ ಒಣಗಿಸುತ್ತಿದ್ದೆ. ಅಡುಗೆ ಇಲ್ಲದಿದ್ದರೂ ಉರಿ ಇರಬೇಕು, ಮೈ ಬೆಚ್ಚಗಾಗಿದ್ದರೆ ತೇವ ಹತ್ತಿರ ಸುಳಿಯುವುದಿಲ್ಲ ಎನ್ನುತ್ತಿದ್ದೆಯಲ್ಲ. ಒಳಗಿನ ಆ ಕಪ್ಪು ಪದರವನ್ನು, ನಿನ್ನ ಅಷ್ಟು ವರ್ಷದ ಹೊಗೆಯೂ ಕೊಬ್ಬೂ ಸೇರಿ ಗಾಜಿನ ಹಾಗೆ ಗಟ್ಟಿಯಾದ ಅದನ್ನು, ಬೆರಳಲ್ಲಿ ಮುಟ್ಟಿ ನೋಡುತ್ತಿದ್ದೆ. ನೀರು ಬಿದ್ದರೆ ಮಣಿಯಾಗಿ ಜಾರಿ ಹೋಗುತ್ತಿತ್ತು. ಅಂಗಡಿಯಲ್ಲಿ ಸಿಗುವ ಯಾವ ಬಣ್ಣಕ್ಕೂ ಅಂಥ ಗುಣ ಇಲ್ಲ. ಅದನ್ನು ನೆನಪಿಟ್ಟುಕೋ, ಮುಂದೆ ಬರುತ್ತದೆ.

ಮೊದಲು ಅಪ್ಪನ ಕೆಲಸ. ಎಮ್ಮೆಯ ಮೇಲೆ ನೀನು ಹಾಕಿಸಿದ್ದ ತಗಡಿನ ಮಾಡು ಇತ್ತಲ್ಲ, ಅದನ್ನು ಒಂದು ಬೆಳಿಗ್ಗೆ ಬಿಚ್ಚಿ ಮುಂದಿನ ಗೇಟಿನ ಹತ್ತಿರ ತನ್ನ ಹಳೆಯ ಕಾರಿಗೆ ಹಾಕಿಸಿಕೊಂಡ. ‘ಅದು ಹೇಗೂ ಸುಮ್ನೆ ನಿಂತಿದೆ, ಕಾರು ಓಡೋ ವಸ್ತು’ ಎಂದ. ಆ ಕಾರು ಓಡುವ ಚಂದ ನಿನಗೂ ಗೊತ್ತು, ವಾರಕ್ಕೊಮ್ಮೆ ಗ್ಯಾರೇಜಿಗೆ ಓಡುತ್ತದೆ. ನಾನು ಏನೋ ಹೇಳಲು ಬಾಯಿ ತೆರೆದೆ. ಅಪ್ಪ ‘ಏನು?’ ಎಂದ. ‘ಏನಿಲ್ಲ’ ಎಂದೆ. ಹೀಗೆ ನನ್ನ ಅರ್ಧ ಜೀವನ ‘ಏನಿಲ್ಲ’ ಎನ್ನುವುದರಲ್ಲೇ ಕಳೆಯುತ್ತಿದೆ.

ಮಾಡು ಹೋದ ಮೇಲೆ ಅಮ್ಮನಿಗೆ ಎಮ್ಮೆಯ ಮೇಲೆ ಕರುಣೆ ಉಕ್ಕಿತು. ನಾನು ಪ್ರೆಸ್ಸಿಗೆ ಹೋಗಿದ್ದಾಗ ಕ್ಯಾನ್ವಾಸು ತೆಗೆದುಹಾಕಿ, ಹೊಸ ನೀಲಿ ಟಾರ್ಪಾಲು ತರಿಸಿ, ಬಟ್ಟೆ ಒಣಗಿಸುವ ಹಗ್ಗದಿಂದ ಮೂತಿಯಿಂದ ಬಾಲದವರೆಗೆ ಬಿಗಿಯಾಗಿ ಬಿಗಿದಿದ್ದಳು. ಎಳೆಮಗುವಿಗೆ ಚಳಿಗಾಲದಲ್ಲಿ ಸುತ್ತುತ್ತಾರಲ್ಲ, ಹಾಗೆ. ‘ಒಂದು ಹನಿ ಒಳಗೆ ಹೋಗಲ್ಲ ನೋಡು’ ಎಂದು ಹೆಮ್ಮೆಯಿಂದ ತೋರಿಸಿದಳು. ಹೌದು, ಒಂದು ಹನಿ ಒಳಗೆ ಹೋಗುವುದಿಲ್ಲ, ಒಳಗಿದ್ದದ್ದು ಹೊರಗೂ ಬರುವುದಿಲ್ಲ. ಹಗಲ ಬಿಸಿಗೆ ಒಳಗೆಲ್ಲ ಬೆವರಿ, ಬೆವರು ಅಲ್ಲೇ ಕೂತು, ನಾನು ಹಗ್ಗ ಬಿಚ್ಚುವ ಹೊತ್ತಿಗೆ ಮುಚ್ಚಳದ ಅಂಚಿಗೂ ಕೀಲಿನ ಸುತ್ತಲೂ ಚಹಾ ಚೆಲ್ಲಿದಂಥ ಕಲೆ. ತುಕ್ಕು. ಬೆರಳಿಗೆ ಹತ್ತಿಕೊಂಡಿತು. ನನಗೆ ಅಳು ಬರುವಂತಾಯಿತು. ಅಮ್ಮನಿಗೆ ತೋರಿಸಿದರೆ ‘ಅಷ್ಟು ಬೆಚ್ಚಗೆ ಹೊದಿಸಿದ್ರೂ ಹಿಡೀತಲ್ಲ’ ಎಂದು ಎಮ್ಮೆಯದೇ ತಪ್ಪು ಎನ್ನುವ ಹಾಗೆ ಮಾತಾಡಿದಳು.

ಆ ಭಾನುವಾರ ತಂತಿ ಬ್ರಷ್ ಹಿಡಿದು ಕೂತು ತುಕ್ಕನ್ನೆಲ್ಲ ಉಜ್ಜಿ ತೆಗೆದೆ. ತುಕ್ಕು ಅಂಚಿನಲ್ಲಷ್ಟೇ ಇತ್ತು, ಹೊಟ್ಟೆಯ ಕರಿ ಪದರ ಅಲುಗಾಡಿರಲಿಲ್ಲ. ಎಣ್ಣೆ ಸವರಿ, ಈ ಸಲ ಸಣ್ಣ ಉರಿ ಸಾಲದೆಂದು ಸೌದೆ ಜಾಸ್ತಿಯೇ ಹಾಕಿದೆ. ಹೊಗೆ ಎದ್ದಿತು ನೋಡು, ನಿನ್ನ ಭಾನುವಾರಗಳ ಹಾಗೆ, ನೀಲಿ, ತೆಳ್ಳಗೆ, ಗೋಡೆ ದಾಟಿ ಬೀದಿಗೆ. ಸ್ವಲ್ಪ ಹೊತ್ತಿಗೆ ಹಿತ್ತಿಲ ಗೇಟು ಕಿರ್ರೆಂದಿತು. ಡಿಪೋದ ಆ ದಪ್ಪ ಮೀಸೆಯ ಡ್ರೈವರು, ತಟ್ಟೆ ಸಮೇತ. ‘ಅಜ್ಜಿ ಬಂದ್ರಾ? ಹೊಗೆ ಕಂಡ್ತು, ಬಸ್ಸು ನಿಲ್ಲಿಸಿ ಬಂದೆ’ ಎಂದ. ಅವನ ಹಿಂದೆ ವರ್ಕ್‌ಶಾಪಿನ ಇಬ್ಬರು. ಆಮೇಲೆ ಎದುರು ಮನೆಯ ಟೀಚರು, ಕೈಯಲ್ಲಿ ಬಟ್ಟಲು. ‘ಅಜ್ಜಿ ಎಲ್ಲಿ, ಒಳಗಿದಾರಾ? ಸೊಂಟ ನೆಟ್ಟಗಾಯ್ತಾ? ಬೈಯೋದು ಕೇಳದೆ ಕಿವಿ ತುರಿಸ್ತಿದೆ’ ಎಂದರು. ಎಲ್ಲರಿಗೂ ನಾನು ಏನು ಹೇಳಬೇಕು? ಒಳಗೆ ಕೋಳಿ ಇಲ್ಲ, ಅಜ್ಜಿಯೂ ಇಲ್ಲ, ಬರೀ ಹೊಗೆ ಎಂದು ಹೇಳುವುದು ಹೇಗೆ? ‘ಇನ್ನೂ ಇಲ್ಲ, ಬರ್ತಾಳೆ, ಮಳೆ ನಿಂತ ಮೇಲೆ’ ಎಂದೆ. ಅಷ್ಟು ಜನರ ಮುಂದೆ ಅಷ್ಟು ಉದ್ದದ ವಾಕ್ಯ ನಾನು ಹೇಳಿದ್ದೇ ಮೊದಲು.

ಆಗ ಅಪ್ಪ ಹಿಂಬಾಗಿಲಿಗೆ ಬಂದ. ಮುಖ ಕೆಂಪಗಿತ್ತು. ‘ಇನ್ಮೇಲೆ ಇದೆಲ್ಲ ಇಲ್ಲ ಸ್ವಾಮಿ. ಅಮ್ಮಂಗೆ ವಯಸ್ಸಾಯ್ತು. ಅಣ್ಣನ ಹತ್ರಾನೇ ಇರ್ತಾಳೆ’ ಎಂದ. ಎಷ್ಟು ಸಲೀಸಾಗಿ ಹೇಳಿದ ಅಂದರೆ, ಆ ಮಾತನ್ನು ಒಳಗೆಲ್ಲೋ ಬಹಳ ಸಲ ಹೇಳಿಕೊಂಡು ಅಭ್ಯಾಸ ಮಾಡಿದ್ದ ಎಂದು ಗೊತ್ತಾಗುತ್ತಿತ್ತು. ಡ್ರೈವರು ತಟ್ಟೆಯನ್ನು ಬೆನ್ನ ಹಿಂದೆ ಮಾಡಿಕೊಂಡ. ಟೀಚರು ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಎಲ್ಲರೂ ಸಾವಿನ ಮನೆಯಿಂದ ಹೊರಡುವ ಹಾಗೆ ಸದ್ದಿಲ್ಲದೆ ಗೇಟು ಎಳೆದುಕೊಂಡು ಹೋದರು. ಬದುಕಿರುವವಳ ಬಗ್ಗೆ, ಅಜ್ಜಿ! ಅಡುಗೆಮನೆಗೆ ಹೋಗಿ ಅಮ್ಮನನ್ನು ಕೇಳಿದೆ. ಅಮ್ಮ ಪಾತ್ರೆಯ ಕಡೆ ನೋಡುತ್ತ ಹೇಳಿದಳು: ಅಪ್ಪನೂ ದೊಡ್ಡಪ್ಪನೂ ಮಾತಾಡಿಕೊಂಡಾಗಿದೆ, ನೀನು ಅಲ್ಲೇ ಇರುವುದು, ನಿನ್ನ ರೂಮು ಚಿಕ್ಕಪ್ಪನಿಗೆ ಅವನು ಅಂಗಡಿಗಳಿಗೆ ಬರೆಯುವ ಬೋರ್ಡು ಒಣಗಿಸಲು, ನಿನಗೆ ‘ನಿಧಾನವಾಗಿ’ ಹೇಳುವುದು. ಅವರ ನಿಧಾನ ನನಗೆ ಗೊತ್ತಿದೆ. ಹೇಳುವುದೇ ಇಲ್ಲ, ಒಂದು ದಿನ ನಿನಗೇ ಅರ್ಥವಾಗಲಿ ಎಂದು ಕಾಯುತ್ತಾರೆ. ನಿನ್ನ ರೂಮಿನಲ್ಲಿ ಈಗಾಗಲೇ ಒಂದು ಹೋಟೆಲಿನ ಬೋರ್ಡು, ಎರಡು ಟೈಲರ್ ಅಂಗಡಿಯ ಬೋರ್ಡು ಗೋಡೆಗೆ ಒರಗಿಕೊಂಡಿವೆ. ಮಂಚದ ಮೇಲೆ ಕುಂಚಗಳು.

ಇನ್ನು ಚಿಕ್ಕಪ್ಪ. ಬೇರೆಯವರ ಮೇಲಿನ ಸಿಟ್ಟು ಸುಲಭ, ಇವನ ಮೇಲಿನದು ಕಷ್ಟ. ಹೋದ ಶನಿವಾರ ನಾನು ಪ್ರೆಸ್ಸಿನಿಂದ ಬಂದಾಗ ಹಿತ್ತಿಲಿನಲ್ಲಿ ಅವನು ಶಿಳ್ಳೆ ಹಾಕುತ್ತಿದ್ದ. ಡ್ರಿಲ್ಲಿಗೆ ತಂತಿ ಚಕ್ರ ಸಿಕ್ಕಿಸಿಕೊಂಡು ಎಮ್ಮೆಯ ಒಳಹೊಟ್ಟೆಯನ್ನೆಲ್ಲ ಕೆರೆದು, ಆ ಕರಿ ಪದರವನ್ನು ಪುಡಿ ಪುಡಿ ಮಾಡಿ ಕೆಳಗೆ ಗುಡ್ಡೆ ಹಾಕಿದ್ದ. ‘ಎಷ್ಟು ವರ್ಷದ ಕೊಳೆ ಕಣೇ ಮೆಲ್ಲಿ, ಅಮ್ಮ ಒಂದಿನಾನೂ ತೊಳೆದಿಲ್ಲ ಅನ್ಸತ್ತೆ’ ಎಂದ. ಕೊಳೆಯಂತೆ! ಆಮೇಲೆ ಅಂಗಡಿಯ ಶಟರಿಗೆ ಹೊಡೆಯುವ ಬೆಳ್ಳಿ ಬಣ್ಣ, ಒಳಗೂ ಹೊರಗೂ ಎರಡೆರಡು ಕೈ, ಜಾಲರಿಗೂ ಬಿಡದೆ. ಮುಚ್ಚಳದ ಮೇಲೆ ಕೆಂಪಿನಲ್ಲಿ, ನೆರಳು ಕೊಟ್ಟು, ಬರೆದಿದ್ದ: ‘ಅಜ್ಜಿಯ ಕಾಲದ ಒಲೆ’. ಅಕ್ಷರ ಚೆನ್ನಾಗಿತ್ತು ಅಜ್ಜಿ, ಸುಳ್ಳು ಹೇಳುವುದಿಲ್ಲ. ದಿನವಿಡೀ ತಪ್ಪು ಹುಡುಕುವವಳು ನಾನು, ಒಂದು ಕಾಗುಣಿತದ ತಪ್ಪಾದರೂ ಸಿಕ್ಕಿದ್ದರೆ ಬೈಯಲು ಒಂದು ನೆವವಾಗುತ್ತಿತ್ತು. ಒಂದೂ ಇರಲಿಲ್ಲ. ತಪ್ಪು ಇದ್ದದ್ದು ಅಕ್ಷರದಲ್ಲಲ್ಲ. ನಿನ್ನ ಕಾಲ ಮುಗಿಯಿತೆಂದು ಇವನಿಗೆ ಯಾರು ಹೇಳಿದರು? ಇದನ್ನು ಮುಂದಿನ ಅಂಗಳಕ್ಕೆ ಸಾಗಿಸಿ, ಹೊಟ್ಟೆಗೆ ಮಣ್ಣು ತುಂಬಿ, ಗುಲಾಬಿ ನೆಡುವುದಂತೆ. ತುಕ್ಕು ಹಿಡಿಯಬಾರದೆಂದು ಬಣ್ಣ ಬಳಿಯುವುದು, ಆಮೇಲೆ ಒಳಗೆ ಒದ್ದೆ ಮಣ್ಣು ತುಂಬಿ ದಿನಾ ನೀರು ಹಾಕುವುದು! ಇಷ್ಟು ಬುದ್ಧಿವಂತಿಕೆ ಒಂದೇ ಮನೆಯಲ್ಲಿ ಹೇಗೆ ಹಿಡಿಸುತ್ತದೆಯೋ.

ಅವತ್ತು ಸಂಜೆ ನಿನಗೆ ಫೋಟೋ ಕಳಿಸಿದರು. ಅಪ್ಪ ಫೋನು ಮಾಡಿದ. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಈಗ ನೋಡಿ, ಈಗ ನೋಡಿ ಎಂದು ಒಳಗೊಳಗೇ ಕುಣಿಯುತ್ತಿದ್ದೆ. ನಿನ್ನ ಬಾಯಿ ನನಗೆ ಗೊತ್ತಿಲ್ಲವೇ? ಒಮ್ಮೆ ಜಾಲರಿಯನ್ನು ಸೋಪಿನಲ್ಲಿ ತೊಳೆದದ್ದಕ್ಕೆ ಇದೇ ಚಿಕ್ಕಪ್ಪನನ್ನು ಡಿಪೋದವರೆಗೆ ಕೇಳುವ ಹಾಗೆ ಬೈದವಳು ನೀನು. ಫೋನಿನ ಸ್ಪೀಕರ್ ಒಡೆದುಹೋಗುತ್ತದೆ ಎಂದುಕೊಂಡೆ. ನೀನು ಏನೆಂದೆ? ‘ಚೆನ್ನಾಗಿದೆ ಕಣೋ. ಹೊಳೀತಿದೆ.’ ಅಷ್ಟೇ. ಆಮೇಲೆ ಅಮ್ಮನ ಮಂಡಿನೋವು ವಿಚಾರಿಸಿ ಫೋನು ಕೊಟ್ಟುಬಿಟ್ಟೆ. ಅಜ್ಜಿ, ಈ ವಾರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ನಿನ್ನ ಮೇಲೆ. ಯಾಕೆ ಚೆನ್ನಾಗಿದೆ ಎಂದೆ? ಯಾವಾಗಿನಿಂದ ನೀನು ಇಷ್ಟು ಒಳ್ಳೆಯವಳಾದೆ? ದೊಡ್ಡಪ್ಪನ ಮನೆಯ ಸೋಫಾದ ಮೇಲೆ ಕೂತು ಎಲ್ಲರಿಗೂ ಹೂಂ ಹೂಂ ಎನ್ನುತ್ತ, ಕೊಟ್ಟದ್ದು ತಿನ್ನುತ್ತ, ತೋರಿಸಿದ್ದನ್ನು ಚೆನ್ನಾಗಿದೆ ಎನ್ನುತ್ತ... ನನಗೆ ಭಯವಾಯಿತು. ನೀನು ಬಿದ್ದಾಗಲೂ ಅಷ್ಟು ಭಯವಾಗಿರಲಿಲ್ಲ. ಬಿದ್ದಾಗ ನೀನು ಬೈಯುತ್ತಿದ್ದೆ.

ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಚಿಕ್ಕಪ್ಪ ಇನ್ನೂ ಹಿಗ್ಗಿನಲ್ಲಿದ್ದ. ‘ಇನ್ನು ಮಳೆ ಬರ್ಲಿ, ಸಿಡಿಲು ಬರ್ಲಿ, ಅದರ ಕೂದಲೂ ಕೊಂಕಲ್ಲ’ ಎಂದ. ನನ್ನ ಗಂಟಲಿನಿಂದ ಒಂದು ಸದ್ದು ಬಂತು. ನನ್ನದೇ ಎಂದು ನನಗೇ ಗೊತ್ತಾಗಲಿಲ್ಲ. ‘ಒಳಗೆ ಯಾಕೆ ಬಳಿದೆ?’ ಎಂದೆ. ಅವನು ತಮಾಷೆ ಎಂದುಕೊಂಡು ‘ಕೆಲಸ ಅಂದ್ರೆ ಅರ್ಧಂಬರ್ಧ ಮಾಡ್ಬಾರ್ದು ಕಣೇ’ ಎಂದ. ‘ಅದರಲ್ಲಿ ಬೇಯಿಸಿದ್ರೆ ಬಣ್ಣ ಎಲ್ಲ ಮಾಂಸಕ್ಕೆ ಇಳಿಯತ್ತೆ, ತಿಂದವರು ಆಸ್ಪತ್ರೆ ಸೇರ್ತಾರೆ’ ಎಂದೆ. ‘ಬೇಯಿಸೋರು ಯಾರೇ ಈಗ?’ ಎಂದ. ‘ಅಜ್ಜಿ’ ಎಂದೆ. ಅಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟ. ‘ಮತ್ತೆ ಅದೇ ಮೆಟ್ಟಿಲ ಮೇಲೆ ಬಿದ್ರೆ ಯಾರು ಜವಾಬ್ದಾರಿ? ನೀನಾ?’ ಎಂದು ಕೇಳಿದ. ಕೇಳಬೇಕಾದ ಪ್ರಶ್ನೆಯೇ, ಒಪ್ಪುತ್ತೇನೆ. ಆದರೂ ನಾನು ಬಿಡಲಿಲ್ಲ. ‘ಅಜ್ಜಿನ ಕೇಳಿದ್ರಾ?’ ಎಂದೆ. ಅದಕ್ಕೆ ನಿನ್ನ ಮಗ, ನನ್ನ ಅಪ್ಪ, ಏನು ಹೇಳಿದ ಗೊತ್ತಾ? ‘ಕೇಳಿದ್ರೆ ಬರ್ತೀನಿ ಅಂತಾಳೆ, ಅದಕ್ಕೇ ಕೇಳಿಲ್ಲ’ ಎಂದ. ಹೇಳಿ ತಾನೇ ಬೆಪ್ಪಾದ. ಅಮ್ಮ ಸೆರಗು ಬಾಯಿಗೆ ಹಿಡಿದುಕೊಂಡಳು, ನಗುವಿಗೋ ಅಳುವಿಗೋ ತಿಳಿಯಲಿಲ್ಲ. ನಾನು ಎದ್ದು ಇಲ್ಲಿ ಬಂದು ಕೂತೆ. ಜಗಳವಾಡುವವರು ದಿನಾ ಇದನ್ನು ಹೇಗೆ ತಾಳಿಕೊಳ್ಳುತ್ತಾರೋ.

ಸ್ವಲ್ಪ ಹೊತ್ತಿಗೆ ಚಿಕ್ಕಪ್ಪ ಬಂದು ಪಕ್ಕದಲ್ಲಿ ನಿಂತ. ‘ನಾನು ಪ್ರೀತಿಯಿಂದ ಮಾಡಿದ್ದು ಕಣೇ’ ಎಂದ. ‘ಗೊತ್ತು. ಅದಕ್ಕೇ ಸಿಟ್ಟು’ ಎಂದೆ. ನಿಜವೇ ಅಲ್ಲವೇ? ದ್ವೇಷದಿಂದ ಮಾಡಿದ್ದರೆ ತಡೆಯಲು ಯಾರಾದರೂ ಬರುತ್ತಿದ್ದರು. ಪ್ರೀತಿಯಿಂದ ಮಾಡಿದ್ದಕ್ಕೆ ಎಲ್ಲರೂ ಕೈತಟ್ಟಿ ಫೋಟೋ ತೆಗೆಯುತ್ತಾರೆ. ಅವನು ಎಮ್ಮೆಯ ಮುಚ್ಚಳ ಎತ್ತಿ ಒಳಗೆ ಇಣುಕಿದ. ‘ಅಮ್ಮ ವಾಪಸ್ ಬರ್ತಾಳೆ ಅಂತ ನನಗ್ಯಾರೂ ಹೇಳ್ಲಿಲ್ಲ’ ಎಂದ, ಬೈಸಿಕೊಂಡ ಮಗುವಿನ ಹಾಗೆ. ಬರುವುದಿಲ್ಲ ಎಂದು ಯಾರೂ ಹೇಳದಿದ್ದಾಗ ಅವಳು ಬರುತ್ತಾಳೆ ಎಂದೇ ತಿಳಿಯಬೇಕು ಎಂದು ಅವನಿಗೆ ಹೇಳಿದೆ. ಒಂದೇ ದಿನದಲ್ಲಿ ಎಷ್ಟು ಮಾತಾಡಿಬಿಟ್ಟೆ ನೋಡು. ಮರುದಿನ ಬೆಳಿಗ್ಗೆ ಗಂಟಲು ಕಟ್ಟಿತ್ತು.

ಈ ವಾರ ಪೂರ್ತಿ ಸಂಜೆ ಪ್ರೆಸ್ಸಿನಿಂದ ಬಂದ ಕೂಡಲೇ ಅದೇ ಕೆಲಸ. ಬಣ್ಣ ತೆಗೆಯುವ ರಿಮೂವರ್ ಡಬ್ಬವನ್ನು ಚಿಕ್ಕಪ್ಪನೇ ತಂದ. ಸವರಿದರೆ ಬಣ್ಣ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಏಳುತ್ತದೆ, ಅದನ್ನು ಕಬ್ಬಿಣದ ಪಟ್ಟಿಯಲ್ಲಿ ಕೆರೆಯಬೇಕು. ವಾಸನೆಗೆ ಕಣ್ಣು ಉರಿಯುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಅವನು ಒಂದು ಕಡೆಯಿಂದ, ನಾನು ಒಂದು ಕಡೆಯಿಂದ. ಮೂಲೆಗಳಲ್ಲಿ, ಬೆಸುಗೆಯ ಗೆರೆಗಳಲ್ಲಿ ಬಣ್ಣ ಅವಿತುಕೊಂಡಿದೆ. ಅದಕ್ಕೆ ಸ್ಯಾಂಡ್ ಪೇಪರ್. ಉಗುರುಗಳೆಲ್ಲ ಬೆಳ್ಳಿ. ಪ್ರೆಸ್ಸಿನ ಅಕ್ಕ ‘ಯಾರ ಮದುವೆಗೆ ಹೊರಟೆ’ ಎಂದು ಕೇಳಿದರು. ಜಾಲರಿಯ ಸಣ್ಣ ಸರಳುಗಳ ಬಣ್ಣ ಹೋಗುವ ಹಾಗೆ ಕಾಣಲಿಲ್ಲ, ಅದನ್ನು ಎಸೆದು ಹೊಸದು ಮಾಡಿಸಲು ಕೊಟ್ಟಿದ್ದೇವೆ. ಹೊಟ್ಟೆ ಮಾತ್ರ ಇವತ್ತು ಬೆಳಿಗ್ಗೆಗೆ ಒಳಗೂ ಹೊರಗೂ ಪೂರ್ತಿ ಬರಿಯಾಯಿತು. ತೊಳೆದು, ಒರೆಸಿ, ಬಿಸಿಲಿಗೆ ಮುಚ್ಚಳ ತೆರೆದು ಇಟ್ಟಿದ್ದೇನೆ. ಹೊಳೆಯುವ ಬೂದು ಕಬ್ಬಿಣ, ಎಳೆಗೂಸಿನ ಮೈಯ ಹಾಗೆ. ನೋಡಿದರೆ ಸಂಕಟವಾಗುತ್ತದೆ, ಯಾಕೆಂದರೆ ಈಗ ಅದಕ್ಕೆ ಯಾವ ರಕ್ಷಣೆಯೂ ಇಲ್ಲ; ಇವತ್ತು ಸಂಜೆಯ ಇಬ್ಬನಿ ಸಾಕು ತುಕ್ಕು ಹತ್ತಲು. ಈ ಕಾಗದ ಮುಗಿಸಿ, ಮುಚ್ಚಳ ತೆರೆದಿಟ್ಟೇ ಜೋರಾಗಿ ಬರೀ ಉರಿ ಹಾಕಿ ಉಳಿದದ್ದನ್ನೆಲ್ಲ ಸುಡಬೇಕು, ಮತ್ತೆ ಸುಡಬೇಕು, ಆಮೇಲೆ ಎಣ್ಣೆ ತೆಳ್ಳಗೆ ಸವರಿ ಹೊಗೆ ಹಿಡಿಸಬೇಕು. ಆ ಕಪ್ಪು ಒಂದು ದಿನದಲ್ಲಿ ಬರುವುದಿಲ್ಲ ಎಂದು ಗೊತ್ತು. ಸಾಹಿತ್ಯ ಓದಿದವರು ಕಬ್ಬಿಣ ಕಂಡರೂ ಮನುಷ್ಯರಿಗೆ ಹೋಲಿಸುತ್ತಾರೆ ಎಂದು ಅಪ್ಪ ಗೇಲಿ ಮಾಡುತ್ತಿರುತ್ತಾನೆ. ನಾನು ಯಾರನ್ನೂ ಯಾವುದಕ್ಕೂ ಹೋಲಿಸುತ್ತಿಲ್ಲ. ಕಬ್ಬಿಣದ ವಿಷಯ ಕಬ್ಬಿಣದ್ದೇ: ಅದನ್ನು ಉಳಿಸುವುದು ಬಣ್ಣವಲ್ಲ, ಬಳಕೆ.

ಅಪ್ಪ ಈ ವಾರ ನನ್ನ ಜೊತೆ ಹೆಚ್ಚು ಮಾತಾಡಿಲ್ಲ. ಆದರೆ ಮೊನ್ನೆ ಮೇಸ್ತ್ರಿಯನ್ನು ಕರೆಸಿ ಈ ಮೆಟ್ಟಿಲ ಪಕ್ಕ ಹಿಡಿದುಕೊಳ್ಳಲು ಪೈಪು ಹಾಕಿಸಿದ. ಯಾಕೆ ಎಂದು ಅಮ್ಮ ಕೇಳಿದ್ದಕ್ಕೆ ‘ನನಗೇ, ನನ್ನ ಮಂಡಿಗೇ’ ಎಂದ. ಆ ಪೈಪು ಅವನ ಸೊಂಟಕ್ಕೆ ಸರಿಯಾಗಿಲ್ಲ, ಕುಳ್ಳಗಿದೆ. ಸಿಮೆಂಟು ಇನ್ನೂ ಹಸಿ ಇದೆ, ನಾನು ಅದಕ್ಕೆ ತಾಗದ ಹಾಗೆ ಈ ಬದಿಯಲ್ಲಿ ಕೂತಿದ್ದೇನೆ. ಇದಕ್ಕಾಗಿ ಅವನನ್ನು ಕ್ಷಮಿಸಿದ್ದೇನೆ ಎಂದು ತಿಳಿಯಬೇಡ. ಪೈಪು ಹಾಕಿಸಲು ಬರುತ್ತದೆ, ಬಾಯಿಬಿಟ್ಟು ಒಂದು ಮಾತು ಹೇಳಲು ಬರುವುದಿಲ್ಲ. ನಾನು ಯಾರನ್ನು ಹೋಲುತ್ತೇನೆ ಎಂದು ಈಗ ಗೊತ್ತಾಯಿತು. ದೊಡ್ಡಪ್ಪನ ಮೇಲಿನ ಸಿಟ್ಟೂ ಇಳಿದಿಲ್ಲ, ಆದರೂ ಅವರಿಗೂ ದೊಡ್ಡಮ್ಮನಿಗೂ ನನ್ನ ನಮಸ್ಕಾರ ಹೇಳು. ನಿನ್ನನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಕನ್ನಡಕದ ಕಾಲಿಗೆ ದಾರ ಕಟ್ಟಿಕೊಂಡು ಕೂರಬೇಡ, ರಿಪೇರಿ ಮಾಡಿಸಿಕೊಡಲು ಹೇಳು. ಅಮ್ಮ ನಿನ್ನ ಕಾಲಿಗೆ ಬೀಳುತ್ತೇನೆ ಎಂದು ಬರೆಯಲು ಹೇಳಿದಳು. ಚಿಕ್ಕಪ್ಪ ಮುಚ್ಚಳದ ಮೇಲಿನ ಅಕ್ಷರ ಅಳಿಸಲೋ ಬೇಡವೋ ಎಂದು ರಿಮೂವರ್ ಅದ್ದಿದ ಕುಂಚ ಹಿಡಿದುಕೊಂಡು ನಿಂತಿದ್ದಾನೆ.

ನಿನ್ನ ಆಶೀರ್ವಾದ ಬೇಡುವ,
ಗಂಟಲು ಕಟ್ಟಿರುವ,
ಮೆಲ್ಲಿ

ಮರೆತದ್ದು: ಅಂಚೆಪೆಟ್ಟಿಗೆಯ ಪಕ್ಕದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದೆ, ಅಂಟಿಸಿದ್ದ ಲಕೋಟೆ ಬಿಚ್ಚಿದ್ದೇನೆ, ಮತ್ತೆ ಅಂಟಿಸಬೇಕು. ಅಪ್ಪ ನಿನ್ನನ್ನು ಕೇಳಲಿಲ್ಲ, ದೊಡ್ಡಪ್ಪ ಕೇಳಲಿಲ್ಲ ಎಂದು ಇಷ್ಟು ಪುಟ ಕೂಗಾಡಿದೆ. ಈಗ ನೋಡಿದರೆ ನಾನೂ ಕೇಳಿಲ್ಲ. ಅಜ್ಜಿ, ನಿನಗೆ ವಾಪಸು ಬರಬೇಕೆಂದು ಇದೆಯಾ? ಮೆಟ್ಟಿಲು, ಬೂದಿ, ಸೌದೆ, ಹೊಗೆ, ಇದೆಲ್ಲ ನಿಜವಾಗಿಯೂ ಸಾಕೆನ್ನಿಸಿ ‘ಚೆನ್ನಾಗಿದೆ’ ಎಂದಿದ್ದರೆ ಹಾಗೆಂದು ಹೇಳು. ಅಲ್ಲೇ ಇರುವೆ ಎಂದರೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಗುರುವಾರದಿಂದ ರಜೆ ಹಾಕಿದ್ದೇನೆ, ಅವತ್ತೇ ಬೆಳಗಿನ ಬಸ್ಸಿಗೆ ಬರುತ್ತೇನೆ. ಹೊರಡುವೆ ಎಂದರೆ ಇಬ್ಬರೂ ಶುಕ್ರವಾರ ವಾಪಸು. ಇರುವೆ ಎಂದರೆ ನಾನೂ ನಾಲ್ಕು ದಿನ ನಿನ್ನ ಪಕ್ಕದಲ್ಲೇ ಇರುತ್ತೇನೆ. ಯಾವುದಾದರೂ ಸರಿ, ಆದರೆ ನೀನೇ ಹೇಳಬೇಕು, ಎಲ್ಲರೆದುರು, ನಿನ್ನ ಬಾಯಿಂದಲೇ. ಬೈದು ಹೇಳಿದರೆ ಇನ್ನೂ ಒಳ್ಳೆಯದು.